ಕಿಟಕಿಯಿಂದ ಕಂಡ ಪಾಠ

ಸೊಂಟಕ್ಕೆ ನಾರಿನ ಕಿಯೆಕಿಯೆ ಪಟ್ಟಿ ಕಟ್ಟಿಕೊಳ್ಳುತ್ತಿದ್ದಾಗ ತಾನು ‘ಮಕ್ಕಳು ಅರಿವನ್ನು ತಾವೇ ಕಟ್ಟಿಕೊಳ್ಳುತ್ತಾರೆ’ ಎಂದು ಗಟ್ಟಿಯಾಗಿ ಹೇಳಿದ್ದು ಲೊಸಲೀನೆಗೆ ಕೇಳಿಸಿತು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಗಂಡ ಆಗಲೇ ಗೆಡ್ಡೆ ಅಗೆಯಲು ತೋಟಕ್ಕೆ ಹೋಗಿದ್ದ. ಕಿಯೆಕಿಯೆಯ ಎಳೆಗಳು ಒಂದೇ ಸಮನಾಗಿ ಇಳಿಬಿದ್ದಿಲ್ಲವೆನ್ನಿಸಿ ಬಿಚ್ಚಿ ಮತ್ತೆ ಕಟ್ಟಿಕೊಂಡಳು. ಆ ವಾಕ್ಯ ಅವಳದಲ್ಲ, ಪುಸ್ತಕದ್ದು. ಶಿಕ್ಷಕರ ಕೋರ್ಸಿಗೆ ಬರೆದ ಪ್ರಬಂಧದಲ್ಲಿ ಅದನ್ನು ಸೇರಿಸುವಾಗ ಬರೆದವನ ಹೆಸರು, ಇಸವಿ, ಅಚ್ಚಾದ ಊರು, ಪುಟದ ಸಂಖ್ಯೆ ಎಲ್ಲವನ್ನೂ ಸರಿಯಾಗಿಯೇ ನಮೂದಿಸಿದ್ದಳು. ಅಂಥದ್ದರಲ್ಲಿ ಅವಳು ತಪ್ಪುವವಳಲ್ಲ. ಹಾಗೆ ನಮೂದಿಸಿದ ಹದಿನಾಲ್ಕು ಹೆಸರುಗಳಲ್ಲಿ ಒಂದೂ ಈ ದ್ವೀಪಕ್ಕೆ ಕಾಲಿಟ್ಟವರದಾಗಿರಲಿಲ್ಲ. ಇಟ್ಟಿದ್ದರೆ ಇಗರ್ಜಿಯ ಪಕ್ಕದ ಕೆಸರಿನಲ್ಲಿ ಹಂದಿಗಳ ನಡುವೆ ಅವರು ಹೇಗೆ ನಡೆಯುತ್ತಿದ್ದರೋ ಎಂದು ಯೋಚಿಸುತ್ತ ಬಾಗಿಲು ಎಳೆದುಕೊಂಡು ಹೊರಟಳು. ಪಾಂಗೈ ಪಟ್ಟಣದಿಂದ ಬರುವ ದೋಣಿ ಆಗಲೇ ಬಿಳಿ ಚುಕ್ಕೆಯಾಗಿ ಕಾಣುತ್ತಿತ್ತು. ಅದರಲ್ಲಿ ದೂರಶಿಕ್ಷಣದ ಉಪನ್ಯಾಸಕಿ ಅಕಾನೆಸಿ ಇದ್ದಳು, ಅವಳ ಜೊತೆ ಒಂದು ಕ್ಯಾಮರಾ ಇತ್ತು, ಮತ್ತು ಆ ಕ್ಯಾಮರಾ ಲೊಸಲೀನೆ ಎಂದೂ ಮಾಡದಿದ್ದ ಒಂದು ಪಾಠವನ್ನು ಚಿತ್ರಿಸಿಕೊಳ್ಳಲು ಬರುತ್ತಿತ್ತು.

ಪಾಠವಂತೂ ನಡೆದಿತ್ತು, ಅದು ಸುಳ್ಳಲ್ಲ. ಹೋದ ವರ್ಷ, ಅವಳ ಐದನೇ ತರಗತಿಯ ಕಿಟಕಿಯ ಹೊರಗೆ. ಬೆಳಿಗ್ಗೆ ಹತ್ತರ ಗಂಟೆ ಹೊಡೆದೊಡನೆ ಪಕ್ಕದ ಕೋಣೆಯ ತೆಲೇಸಿಯಾ ತನ್ನ ನಾಲ್ಕನೇ ತರಗತಿಯ ಮಕ್ಕಳನ್ನು ಸಾಲಾಗಿ ದಂಡೆಗೆ ಇಳಿಸುತ್ತಿದ್ದಳು. ತೆಲೇಸಿಯಾಗೆ ಐವತ್ತೆಂಟು ವರ್ಷ, ಮೊಣಕಾಲು ನೋವು. ಅವಳು ದಂಡೆಯ ಮೇಲೆಯೇ ಬುಟ್ಟಿ ಮಗುಚಿ ಕೂರುತ್ತಿದ್ದಳು. ಮಕ್ಕಳು ನೀರು ಮುಟ್ಟಿದ ಗೆರೆಗೆ ಒಂದು ತೆಂಗಿನ ಕಡ್ಡಿ ನೆಡಬೇಕು. ನಾಳೆ ಇದೇ ಹೊತ್ತಿಗೆ ನೀರು ಎಲ್ಲಿರುತ್ತದೆ ಎಂದು ಪ್ರತಿಯೊಬ್ಬರೂ ತಮ್ಮ ತಮ್ಮ ಕಡ್ಡಿ ಬೇರೆ ನೆಡಬೇಕು. ಮರುದಿನ ತಪ್ಪಿದವರು ಯಾಕೆ ತಪ್ಪಿತೆಂದು ಹೇಳಬೇಕು. ಸರಿಯಾದವರೂ ಯಾಕೆ ಸರಿಯಾಯಿತೆಂದು ಹೇಳಬೇಕು. ಅದೇ ಹೆಚ್ಚು ಕಷ್ಟವಾಗುತ್ತಿತ್ತು. ಒಂದು ತಿಂಗಳು ಹೀಗೆ ನಡೆಯಿತು. ತೆಲೇಸಿಯಾ ಒಮ್ಮೆಯೂ ಚಂದ್ರ ಎಂಬ ಮಾತೆತ್ತಲಿಲ್ಲ. ಮೊದಲ ವಾರ ಬಾಯಿ ಹಾಕುತ್ತಿದ್ದಳು, ಎರಡನೆಯ ವಾರ ಕಡಿಮೆಯಾಯಿತು, ಮೂರನೆಯ ವಾರ ಬುಟ್ಟಿಯ ಮೇಲೆ ಕೂತು ಕೇದಗೆ ಎಲೆ ಸೀಳುತ್ತ ಚಾಪೆಗೆ ಹದ ಮಾಡುತ್ತಿದ್ದಳು. ಒಂದು ಬೆಳಿಗ್ಗೆ ವೈಮೊವಾನ ಎಂಬ ಹುಡುಗಿ ನೀರಿನಲ್ಲಿ ನಿಂತೇ ಕೂಗಿದಳು: “ಸಮುದ್ರಕ್ಕೂ ದಿನಾ ಸ್ವಲ್ಪ ತಡ ಆಗುತ್ತೆ, ಚಂದ್ರನ ಹಾಗೆ!” ಆಗ ತೆಲೇಸಿಯಾ ಎಲೆಯಿಂದ ತಲೆ ಎತ್ತಿ, “ಹೌದಾ?” ಎಂದಳು, ಅಷ್ಟೇ. ಕಿಟಕಿಯ ಒಳಗೆ ಗುಣಾಕಾರದ ಲೆಕ್ಕ ಬರೆಸುತ್ತಿದ್ದ ಲೊಸಲೀನೆಗೆ ಮೈ ಜುಮ್ಮೆಂದಿತ್ತು. ಹೊಟ್ಟೆಕಿಚ್ಚೋ ಸಂತೋಷವೋ ಅವಳಿಗೆ ಇವತ್ತಿಗೂ ಗೊತ್ತಿರಲಿಲ್ಲ.

ಪ್ರಬಂಧದ ವಿಷಯ ಬಂದದ್ದು ಅದಾದ ಎರಡು ತಿಂಗಳಿಗೆ. ಕಲಿಕೆಯ ಸಿದ್ಧಾಂತಗಳನ್ನು ಆಧರಿಸಿ ನಿಮ್ಮ ತರಗತಿಯಲ್ಲಿ ತಂತ್ರಜ್ಞಾನವನ್ನು ಬಳಸಿದ ಒಂದು ಪಾಠವನ್ನು ವಿವರಿಸಿ. ತಂತ್ರಜ್ಞಾನ ಹೆಡ್‌ಮಾಸ್ಟರ್ ಪೌಲಿಯಾಸಿಯ ಕೋಣೆಯ ಕಬ್ಬಿಣದ ಬೀರುವಿನಲ್ಲಿತ್ತು; ಹನ್ನೆರಡು ಟ್ಯಾಬ್ಲೆಟ್ಟು, ಮೇಲೆ ಒಂದು ಕಸೂತಿ ಬಟ್ಟೆ. ಒಡೆದರೆ ಯಾರು ಹೊಣೆ ಎಂದು ಅವನು ಬೀಗದ ಕೈಯನ್ನು ಕೊರಳಿಗೆ ಹಾಕಿಕೊಂಡಿದ್ದ. ಅವನಿಗೆ ಮುಂದಿನ ವರ್ಷ ಪಾಂಗೈಗೆ ವರ್ಗ. ಅವನ ಕುರ್ಚಿಗೆ ಈ ಕೋರ್ಸಿನ ಸರ್ಟಿಫಿಕೇಟು ಇದ್ದವರೇ ಬೇಕಾಗಿತ್ತು. ಲೊಸಲೀನೆ ಅಡುಗೆ ಮನೆಯ ಮೇಜಿನ ಮುಂದೆ ನಾಲ್ಕು ದಿನ ಖಾಲಿ ಹಾಳೆ ಇಟ್ಟುಕೊಂಡು ಕೂತಳು. ಐದನೆಯ ದಿನ ಕಡ್ಡಿಯಿದ್ದಲ್ಲಿ ಟ್ಯಾಬ್ಲೆಟ್ಟು ಎಂದು ಬರೆದಳು. ಆಮೇಲೆ ಕೈ ನಿಲ್ಲಲೇ ಇಲ್ಲ. ಮಕ್ಕಳು ದಿನಾ ಫೋಟೋ ತೆಗೆದರು, ಪಟ್ಟಿ ಮಾಡಿದರು, ಊಹಿಸಿದರು, ಜಗಳವಾಡಿದರು. ಬಹುಮಾನ ಕೊಟ್ಟು ಸರಿ ಉತ್ತರ ರೂಢಿ ಮಾಡಿಸುವ ಹಳೆಯ ಪದ್ಧತಿಯನ್ನು ಒಂದೂವರೆ ಪುಟ ಟೀಕಿಸಿದಳು. ಮಗು ತಾನೊಂದೇ ಮಾಡಬಲ್ಲದ್ದಕ್ಕೂ ಬಲ್ಲವರ ಜೊತೆಗೂಡಿ ಮಾಡಬಲ್ಲದ್ದಕ್ಕೂ ನಡುವೆ ಒಂದು ಜಾಗವಿದೆ, ಗುರು ಅಲ್ಲಿ ಆಸರೆ ನಿಲ್ಲಿಸಬೇಕು, ಆಮೇಲೆ ಅದನ್ನು ಒಂದೊಂದೇ ಗಳವಾಗಿ ಕಳಚಬೇಕು ಎಂದು ಮೂರು ಪುಟ ಬರೆದಳು. ಎಲ್ಲಿಯೂ ತೆಲೇಸಿಯಾಳ ಹೆಸರಿರಲಿಲ್ಲ. ಕೋರ್ಸಿನಲ್ಲೇ ಅತಿ ಹೆಚ್ಚು ಅಂಕ ಬಂತು. ಅಂಚಿನಲ್ಲಿ ಅಕಾನೆಸಿ ಬರೆದಿದ್ದಳು: ‘ಇದು ನಿಜವಾಗಿ ನೋಡಿದ ಕಣ್ಣು.’

ನೋಡಿದ್ದಂತೂ ಹೌದಲ್ಲ ಎಂದು ಲೊಸಲೀನೆ ಶಾಲೆಯ ಮೆಟ್ಟಿಲ ಮೇಲೆ ನಿಂತು ತನಗೆ ತಾನೇ ಹೇಳಿಕೊಂಡಳು. ತೆಲೇಸಿಯಾ ಅಂಗಳ ಗುಡಿಸುತ್ತಿದ್ದಳು. “ಬಾರೇ ಲೀನೆ, ಮದುವಣಗಿತ್ತಿ ಹಾಗೆ ಬಂದಿದೀಯ,” ಎಂದಳು. “ಒಂದು ಮುತ್ತಿನ ಸರ ಹಾಕಿದ್ದಿದ್ರೆ ಪಾದ್ರಿನೂ ಕರೆಸಬಹುದಿತ್ತು.”

“ಅಕ್ಕ, ನೀವ್ಯಾಕೆ ಗುಡಿಸ್ತಿದೀರಿ? ಮಕ್ಕಳಿಗೆ ಹೇಳಬಾರದಾ?”

“ನಿನ್ನ ಮಕ್ಕಳು ಒಳಗೆ ಉರು ಹೊಡೀತಿದಾರೆ. ಕೆಡಿಸೋದು ಬೇಡ ಅಂತ ಬಿಟ್ಟೆ.”

ಒಳಗಿಂದ ನಿಜಕ್ಕೂ ದನಿ ಕೇಳುತ್ತಿತ್ತು. ಹದಿನೆಂಟು ಮಕ್ಕಳು, ಹೋದ ವರ್ಷ ತೆಲೇಸಿಯಾಳ ಕೈಕೆಳಗಿದ್ದವರೇ ಈಗ ಅವಳ ತರಗತಿಗೆ ಬಂದಿದ್ದರು. ಎರಡು ವಾರದಿಂದ ಅವರಿಗೆ ಕಲಿಸಿದ್ದಳು: ಮೊದಲನೆಯ ಪ್ರಶ್ನೆಗೆ ಏನು ಕಂಡುಕೊಳ್ಳಬೇಕು, ಎರಡನೆಯದಕ್ಕೆ ಯಾರು ತಪ್ಪು ಊಹಿಸಬೇಕು, ಮೂರನೆಯದಕ್ಕೆ ಯಾರಿಗೆ ತಟ್ಟನೆ ಹೊಳೆಯಬೇಕು. ಸರಿ ಹೇಳಿದವರಿಗೆ ಒಂದು ಪೆಪ್ಪರಮೆಂಟು. ತಿಂಗಳಿಡೀ ತೆಗೆದ ಫೋಟೋಗಳೆಂದು ತೋರಿಸಬೇಕಾದದ್ದನ್ನು ಮೂರೇ ದಿನಗಳಲ್ಲಿ, ಬೇರೆ ಬೇರೆ ಹೊತ್ತಿನಲ್ಲಿ ದಂಡೆಗೆ ಹೋಗಿ, ಒಬ್ಬಳೇ ತೆಗೆದುಕೊಂಡು ಬಂದಿದ್ದಳು. ಕೊನೆಯ ದಿನ ಮೊಣಕಾಲುದ್ದ ನೀರಿನಲ್ಲಿ ನಿಂತು ಟ್ಯಾಬ್ಲೆಟ್ಟನ್ನು ಎದೆಗೆ ಒತ್ತಿಕೊಂಡಿದ್ದಾಗ ಮೀನು ಹಿಡಿಯುವ ಹೆಂಗಸೊಬ್ಬಳು, “ಏನಮ್ಮಾ ಟೀಚರಮ್ಮ, ಸಮುದ್ರಕ್ಕೂ ಹಾಜರಿ ತಗೋತೀಯಾ?” ಎಂದು ನಕ್ಕಿದ್ದಳು.

ಅಕಾನೆಸಿ ಲೊಸಲೀನೆ ಅಂದುಕೊಂಡಿದ್ದಕ್ಕಿಂತ ಚಿಕ್ಕವಳು, ಮೂವತ್ತೈದರ ಆಸುಪಾಸು. ದೋಣಿಯಲ್ಲಿ ತಲೆಸುತ್ತು ಬಂದು ಮುಖ ಬಿಳಿಚಿಕೊಂಡಿತ್ತು. ಎಳನೀರು ಕುಡಿದು, ಕ್ಯಾಮರಾವನ್ನು ಮೂರು ಕಾಲಿನ ಮೇಲೆ ನಿಲ್ಲಿಸಿ, “ನಾನಿಲ್ಲಿ ಇಲ್ಲವೇ ಇಲ್ಲ ಅಂದ್ಕೊಳ್ಳಿ,” ಎಂದಳು. ಅವಳ ಹಿಂದೆ ಪೌಲಿಯಾಸಿ ಕಪ್ಪು ಕೋಟು ತೊಟ್ಟು, ಕೋಟಿನ ಮೇಲೆ ಸೊಂಟಕ್ಕೆ ಮರ್ಯಾದೆಯ ಚಾಪೆ ಸುತ್ತಿಕೊಂಡು, ಬೆವರೊರೆಸಿಕೊಳ್ಳುತ್ತ ನಿಂತ. ಬಾಗಿಲ ಹತ್ತಿರ ತೆಲೇಸಿಯಾ ಬೀಸಣಿಗೆ ಹಿಡಿದು ಕೂತಳು; ಅವಳ ತರಗತಿಗೆ ಇವತ್ತು ರಜೆ ಕೊಟ್ಟಿದ್ದರು. ಲೊಸಲೀನೆ ಟ್ಯಾಬ್ಲೆಟ್ಟುಗಳನ್ನು ಹಂಚಿದಳು. ಮಕ್ಕಳು ಅವನ್ನು ಇಗರ್ಜಿಯಲ್ಲಿ ಪ್ರಸಾದದ ತಟ್ಟೆ ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡರು. ಅವಳು, “ಮೊದಲನೇ ವಾರದ ಫೋಟೋಗಳನ್ನ ನೋಡಿ. ನಿಮಗೇನು ಕಾಣಿಸುತ್ತೆ?” ಎಂದಳು.

ವೈಮೊವಾನ ಕೈ ಎತ್ತಿದವಳೇ ಎದ್ದು ನಿಂತಳು. “ಸಮುದ್ರಕ್ಕೂ ದಿನಾ ಸ್ವಲ್ಪ ತಡ ಆಗುತ್ತೆ, ಚಂದ್ರನ ಹಾಗೆ.”

ಪಕ್ಕದ ಹುಡುಗಿ ಅವಳ ಲಂಗ ಜಗ್ಗಿದಳು. “ಅದು ಮೂರನೇದು ಕಣೇ! ಇನ್ನೂ ಒಂದನೇದೇ ನಡೀತಿದೆ.”

“ಗೊತ್ತು ಕಣೇ. ಆದ್ರೆ ಆಮೇಲೆ ಮರೆತುಹೋಗುತ್ತೆ.”

ತರಗತಿಯೆಲ್ಲ ಕಿಸಕ್ಕೆಂದಿತು. ಲೊಸಲೀನೆ ತಾನೂ ನಕ್ಕಳು. ಹೋದ ವರ್ಷ ಇದೇ ಹುಡುಗಿ ಇದೇ ಮಾತನ್ನು ಕೂಗಿದಾಗ ಅವಳ ಕಣ್ಣು ಹೇಗಿತ್ತೆಂದು ನೆನಪಾಯಿತು. ಈಗ ಅದೇ ಮಾತನ್ನು ಅವಳ ಬಾಯಿಗೆ ಪೆಪ್ಪರಮೆಂಟಿನ ಜೊತೆ ತುರುಕಿದ್ದು ತಾನು. ಸ್ವಂತ ಮಾತನ್ನು ಹುಡುಗಿ ಉರು ಹೊಡೆದು ಒಪ್ಪಿಸಿದ್ದಳು; ತನ್ನದೆಂಬ ಗುರುತು ಕೂಡ ಅವಳ ಮುಖದ ಮೇಲೆ ಇರಲಿಲ್ಲ. ಲೊಸಲೀನೆ ಎರಡನೆಯ ಪ್ರಶ್ನೆ ಕೇಳಿದಳು. ಅದಕ್ಕೆ ತಪ್ಪು ಹೇಳಬೇಕಾದ ಹುಡುಗ ಪೆಪ್ಪರಮೆಂಟು ಸಿಗಲಾರದೆಂಬ ಭಯಕ್ಕೆ ಸರಿಯನ್ನೇ ಹೇಳಿಬಿಟ್ಟ. ಇಲ್ಲವೇ ಇಲ್ಲದ ಅಕಾನೆಸಿ ಮೆಲ್ಲಗೆ ಮುಂದೆ ಬಂದು ಒಂದು ಮೇಜಿನ ಪಕ್ಕ ಕುಕ್ಕರುಗಾಲಲ್ಲಿ ಕೂತಳು.

“ಈ ಫೋಟೋ ಯಾರು ತೆಗೆದಿದ್ದು?”

“ನಮ್ಮ ಟೀಚರ್,” ಎಂದಳು ವೈಮೊವಾನ.

“ನೀನು ಅವತ್ತು ನೀರಿಗೆ ಇಳಿದಿರ್ಲಿಲ್ವಾ?”

“ಇಲ್ಲ. ನಾವು ಕ್ಲಾಸಲ್ಲಿ ಕಾಪಿ ಬರೀತಿದ್ವಿ.”

ಪೌಲಿಯಾಸಿ ಹಿಂದಿನಿಂದ ಕೆಮ್ಮಿದ. “ಆಗ ಇವರಿಗೆಲ್ಲ ಕಣ್ಣುಬೇನೆ ಮೇಡಂ. ಬಿಸಿಲಿಗೆ ಬಿಡೋ ಹಾಗಿರಲಿಲ್ಲ.”

“ಹದಿನೆಂಟು ಜನಕ್ಕೂ?”

“ದ್ವೀಪ ನೋಡಿ. ಒಬ್ಬರಿಗೆ ಬಂದ್ರೆ ಎಲ್ಲರಿಗೂ.”

ಅಕಾನೆಸಿ ನಕ್ಕು ಎದ್ದಳು. ಅವಳು ನಂಬಿದಳೋ ನಂಬಲು ಇಷ್ಟಪಟ್ಟಳೋ ಲೊಸಲೀನೆಗೆ ತಿಳಿಯಲಿಲ್ಲ. ಕ್ಯಾಮರಾದ ಕೆಂಪು ದೀಪ ಉರಿಯುತ್ತಲೇ ಇತ್ತು. ಪಾಠ ಮುಗಿದಾಗ ಮಕ್ಕಳು ಚಪ್ಪಾಳೆ ಹೊಡೆದರು. ಅದನ್ನೂ ಅವಳೇ ಹೇಳಿಕೊಟ್ಟಿದ್ದಳು. ಬಾಗಿಲಲ್ಲಿ ಅಕಾನೆಸಿ ತೆಲೇಸಿಯಾಳ ಪಕ್ಕ ನಿಂತು, “ಅಮ್ಮಾ, ನೀವೂ ಇಂಥ ಪಾಠ ನೋಡಿ ಏನಾದರೂ ಕಲ್ತಿರಬೇಕಲ್ಲ?” ಎಂದು ಕೇಳಿದಳು. ಬೀಸಣಿಗೆ ನಿಲ್ಲಲಿಲ್ಲ. “ಕಲ್ತೆ ಮೇಡಂ. ದಿನಾ ಕಿಟಕಿಯಿಂದ ನೋಡ್ತಿದ್ದೆ,” ಎಂದಳು ತೆಲೇಸಿಯಾ. ಹೇಳುವಾಗ ಅವಳು ಲೊಸಲೀನೆಯ ಕಡೆ ನೋಡಲಿಲ್ಲ, ದನಿಯಲ್ಲಿ ಕೊಂಕು ಇರಲಿಲ್ಲ. ತೆಲೇಸಿಯಾಳ ಕೋಣೆಯ ಕಿಟಕಿಯಿಂದ ದಂಡೆ ಕಾಣುವುದಿಲ್ಲ. ಅಲ್ಲಿಂದ ಕಾಣುವುದು ನೀರಿನ ತೊಟ್ಟಿ. ಕಿಟಕಿಯಲ್ಲಿ ನಿಂತಿದ್ದವಳು ಯಾರೆಂದು ಬುಟ್ಟಿಯ ಮೇಲೆ ಕೂತಿದ್ದವಳಿಗೆ ಆಗಿನಿಂದಲೂ ಗೊತ್ತಿತ್ತು.

ಊಟಕ್ಕೆ ದೀವಿಹಲಸಿನ ಮರದ ಕೆಳಗೆ ಚಾಪೆ ಹಾಸಿದ್ದರು. ಸುಟ್ಟ ಹಂದಿಮರಿ, ಗೆಡ್ಡೆ, ಕೆಸುವಿನೆಲೆಯಲ್ಲಿ ಮಾಂಸ ಕಟ್ಟಿ ಬೇಯಿಸಿದ ಲೂ, ತೆಂಗಿನ ಹಾಲಿನಲ್ಲಿ ನೆನೆಸಿದ ಹಸಿ ಮೀನು. ಪಾದ್ರಿ ಉದ್ದನೆಯ ಪ್ರಾರ್ಥನೆ ಮಾಡಿದ. ಪೌಲಿಯಾಸಿ ಮಾತಾಡಿದ: ತಾನು ಅಲ್ಪ, ಈ ಶಾಲೆ ಹುಳ ತಿಂದ ಗುಡಿಸಲು, ಈ ಊಟ ಅತಿಥಿಯ ಕಾಲ ಧೂಳಿಗೂ ಸಮವಲ್ಲ. ಅಕಾನೆಸಿಯೂ ಅದಕ್ಕೆ ತಕ್ಕಂತೆ ತನ್ನನ್ನು ಕೆಳಗಿಳಿಸಿಕೊಂಡು ಮಾತಾಡಿ, ಲೊಸಲೀನೆಯ ಪಾಠವನ್ನು ಎಲ್ಲ ದ್ವೀಪಗಳಿಗೂ ತೋರಿಸುವುದಾಗಿ ಹೇಳಿದಳು. ಲೊಸಲೀನೆ ವಂದನೆ ಹೇಳಲು ಎದ್ದಾಗ ತೆಲೇಸಿಯಾ ಊಟದ ಮೇಲೆ ಕೂರುವ ನೊಣಗಳನ್ನು ಓಡಿಸುತ್ತಿದ್ದಳು. ಅವಳ ಬೆನ್ನು ನೋಡುತ್ತ ಲೊಸಲೀನೆ ತಾನು ಹೇಳಬೇಕೆಂದು ಬರೆದುಕೊಂಡಿದ್ದನ್ನು ಬಿಟ್ಟಳು.

“ಈ ಪಾಠ ನನ್ನದಲ್ಲ,” ಎಂದಳು. “ತೆಲೇಸಿಯಾ ಅಕ್ಕ ಮಾಡಿದ್ದು. ನಾನು ನೋಡಿ ಬರ್ಕೊಂಡೆ ಅಷ್ಟೇ. ಇದರಲ್ಲಿ ನನ್ನದು ಅನ್ನೋದು ಒಂದು ಅಕ್ಷರಾನೂ ಇಲ್ಲ. ನನಗೆ ಬಂದ ಹೊಗಳಿಕೆಗೆ ನಾನು ಯೋಗ್ಯಳಲ್ಲ.”

ಪಾದ್ರಿ, ಭಲೇ ಎನ್ನುವಂತೆ, “ಮಾಲೋ! ಮಾಲೋ!” ಎಂದ. ಚಾಪೆಯ ಉದ್ದಕ್ಕೂ ಜನ ದನಿಗೂಡಿಸಿದರು. ಒಬ್ಬ ಮುದುಕಿ ಕಣ್ಣೊರೆಸಿಕೊಂಡು, “ಎಂಥಾ ತಗ್ಗಿ ಬಗ್ಗಿ ನಡಿಯೋ ಮಗಳು ನೋಡು,” ಎಂದಳು. ಅಕಾನೆಸಿ ಕೈಮೇಲೆ ಕೈಯಿಟ್ಟು ತಲೆ ಬಾಗಿಸಿದಳು. ಇಷ್ಟು ಚೆನ್ನಾದ ವಿನಯದ ಭಾಷಣ ಈ ಮರದ ಕೆಳಗೆ ಬಹಳ ದಿನಗಳಿಂದ ಆಗಿರಲಿಲ್ಲ. ತೆಲೇಸಿಯಾ ಒಬ್ಬಳೇ ಬೀಸಣಿಗೆಯನ್ನು ಕೆಳಗಿಟ್ಟು ಅವಳನ್ನು ದಿಟ್ಟಿಸಿ ನೋಡಿದಳು. ಲೊಸಲೀನೆ ಕೂತಳು, ಯಾರೋ ಅವಳ ಎಲೆಗೆ ಹಂದಿಯ ಕಿವಿಯ ಹತ್ತಿರದ ಒಳ್ಳೆಯ ತುಂಡು ಹಾಕಿದರು, ಅವಳು ತಿಂದಳು. ರುಚಿಯಾಗಿತ್ತು. ರುಚಿ ತಿಳಿದದ್ದೇ ಅವಳಿಗೆ ಅಸಹ್ಯವಾಯಿತು. ಇನ್ನು ಸುಮ್ಮನಿದ್ದರಾಯಿತು, ಹೇಳುವುದನ್ನು ಹೇಳಿಯಾಗಿದೆ, ಕೇಳಿಸಿಕೊಳ್ಳದಿದ್ದುದು ಅವರ ತಪ್ಪು. ಈ ಯೋಚನೆ ಎಷ್ಟು ಸಲೀಸಾಗಿ ಬಂತೆಂದರೆ, ಮೊದಲೇ ಯಾರೋ ಅವಳಿಗೆ ಅದನ್ನೂ ಬಾಯಿಪಾಠ ಮಾಡಿಸಿದ್ದ ಹಾಗಿತ್ತು.

ದೋಣಿ ಹೊರಡುವ ಹೊತ್ತಿಗೆ ಅವಳು ದಕ್ಕೆಗೆ ಓಡಿದಳು. ಅಕಾನೆಸಿ ಕ್ಯಾಮರಾದ ಪೆಟ್ಟಿಗೆಯ ಮೇಲೆ ಕೂತಿದ್ದಳು, ದೋಣಿಯವನು ಎಣ್ಣೆ ಹುಯ್ಯುತ್ತಿದ್ದ. ಲೊಸಲೀನೆ ಈ ಸಲ ಇಂಗ್ಲಿಷಿನಲ್ಲಿ ಮಾತಾಡಿದಳು. ಆ ಭಾಷೆಯಲ್ಲಿ ಅವಳಿಗೆ ವಿನಯ ಬರುತ್ತಿರಲಿಲ್ಲ. ನಾನು ಕದ್ದೆ, ಎಂದಳು. ಪಾಠ ತೆಲೇಸಿಯಾಳದು, ಫೋಟೋ ಸುಳ್ಳು, ಕಣ್ಣುಬೇನೆ ಸುಳ್ಳು. ಅಕಾನೆಸಿ ಮನೆಮಾತಿಗೆ ತಿರುಗಿದಳು.

“ಟ್ಯಾಬ್ಲೆಟ್ಟು?”

“ಬೀರುವಿನಲ್ಲಿದ್ವು.”

“ವರ್ಷ ಪೂರ್ತಿ? ಒಂದು ಸಲಾನೂ ತೆಗೀಲಿಲ್ವಾ?”

“ಎರಡು ಸಲ ತೆಗೆದ್ವಿ. ಅದರಲ್ಲಿ ಒಂದು ಸಲ ಧೂಳು ಒರೆಸೋಕೆ.”

ಅಕಾನೆಸಿ ನಗಲಿಲ್ಲ. “ನಿಮ್ಮ ಪ್ರಬಂಧ ಆಗಲೇ ಎಲ್ಲ ಕಡೆ ಕಳಿಸಿದೀನಿ. ನನ್ನ ಹೆಸರು ಹಾಕಿ, ಮುನ್ನುಡಿ ಬರೆದು.” ಆಮೇಲೆ, “ಊಟದ ಹೊತ್ತಲ್ಲಿ ಹೇಳಿದ್ರಲ್ಲ, ಅದನ್ನೇ ನಾನು ಹಾಗೇ ಇಟ್ಕೊಂಡಿದ್ರೆ ನಿಮಗೆ ಸಾಕಾಗ್ತಿರಲಿಲ್ವಾ?” ಎಂದಳು.

“ಸಾಕಾಗ್ತಿತ್ತು,” ಎಂದಳು ಲೊಸಲೀನೆ. “ಅದಕ್ಕೇ ಬಂದೆ.”

ಮೂರು ವಾರಕ್ಕೆ ಕಾಗದ ಬಂತು. ಆ ಪ್ರಬಂಧದ ಅಂಕ ರದ್ದು. ಮುಂದಿನ ವರ್ಷ ಹೊಸದಾಗಿ ಬರೆಯಬಹುದು. ಪೌಲಿಯಾಸಿ ಕಾಗದವನ್ನು ಮೇಜಿನ ಮೇಲೆ ಬಡಿದ. “ಮರದ ಕೆಳಗೆ ಹೇಳಿದ್ದು ಸಾಲದಾಗಿತ್ತಾ ನಿಂಗೆ? ಎಲ್ಲರೂ ಎಷ್ಟು ಚೆನ್ನಾಗಿ ಒಪ್ಕೊಂಡಿದ್ರು! ಇನ್ನು ಈ ಕುರ್ಚಿಗೆ ಯಾರೋ ಹೊರಗಿನವನು ಬರ್ತಾನೆ. ನೀನು ಅವನಿಗೆ ಎಳನೀರು ಕೊಡ್ತಾ ಇರು.” ಅವಳು ಹೂಂ ಎಂದಳು. ನಿರೀಕ್ಷಿಸಿದ ಹಗುರ ಬರಲಿಲ್ಲ, ಭಾರವೂ ಇರಲಿಲ್ಲ. ಹಲ್ಲು ಕೀಳಿಸಿಕೊಂಡ ಜಾಗವನ್ನು ನಾಲಿಗೆ ಹುಡುಕುವ ಹಾಗೆ ಮನಸ್ಸು ಕೆಲವು ದಿನ ಆ ಕುರ್ಚಿಯನ್ನು ಮುಟ್ಟಿ ಮುಟ್ಟಿ ನೋಡಿತು, ಆಮೇಲೆ ಬಿಟ್ಟಿತು. ಕ್ಷಮೆ ಕೇಳಲು ತೆಲೇಸಿಯಾಳ ಕೋಣೆಗೆ ಎರಡು ಸಲ ಹೋದಳು. ಎರಡು ಸಲವೂ ತೆಲೇಸಿಯಾ ಸೀಮೆಸುಣ್ಣ ಬೇಕಾ ಎಂದು ಕೇಳಿ, ಕೊಟ್ಟು ಕಳಿಸಿದಳು.

ಎರಡನೆಯ ಕಾಗದ ಬಂದದ್ದು ತೆಲೇಸಿಯಾಳ ಹೆಸರಿಗೆ. ಅದನ್ನು ಹಿಡಿದು ಅವಳು ಲೊಸಲೀನೆಯ ತರಗತಿಗೆ ನುಗ್ಗಿದಳು. ಮಕ್ಕಳು ಆಗಷ್ಟೇ ಮನೆಗೆ ಹೋಗಿದ್ದರು.

“ಓದು ಇದನ್ನ. ಗಟ್ಟಿಯಾಗಿ ಓದು.”

ಲೊಸಲೀನೆ ಓದಿದಳು: ಮುಂದಿನ ಅವಧಿಯಲ್ಲಿ ಅಕಾನೆಸಿ ಮತ್ತೆ ಬರುತ್ತಾಳೆ. ಆ ಪಾಠವನ್ನು ಮಾಡಿದವರೇ ಟ್ಯಾಬ್ಲೆಟ್ಟು ಬಳಸಿ ಮಾಡಿ ತೋರಿಸಬೇಕು. ಒಂದು ತಿಂಗಳೂ ಅವಳು ದ್ವೀಪದಲ್ಲೇ ಉಳಿದು ನೋಡುತ್ತಾಳೆ.

“ನನ್ನ ಪಾಡಿಗೆ ನಾನಿದ್ದೆ,” ಎಂದಳು ತೆಲೇಸಿಯಾ. “ಇನ್ನೆರಡು ವರ್ಷಕ್ಕೆ ಮನೆಗೆ ಹೋಗ್ತಿದ್ದೆ. ನೀನು ಕದ್ದಾಗ ನಂಗೆ ಸಿಟ್ಟು ಬಂದಿರಲಿಲ್ಲ, ಗೊತ್ತಾ? ಯಾರೋ ನೋಡಿದ್ಲಲ್ಲ ಅನ್ನಿಸಿತ್ತು. ಮೂವತ್ತು ವರ್ಷ ದಂಡೆಗೆ ಕರ್ಕೊಂಡು ಹೋಗಿದೀನಿ, ಬಟ್ಟೆ ಒದ್ದೆ ಮಾಡಿಸ್ತೀಯ ಅಂತ ತಾಯಂದಿರು ಬೈದದ್ದು ಬಿಟ್ರೆ ಒಂದು ನರಪಿಳ್ಳೆನೂ ಏನೂ ಹೇಳಿರಲಿಲ್ಲ. ಈಗ ತಿರುಗಿ ತಂದು ನನ್ನ ಕೊರಳಿಗೆ ಕಟ್ಟಿದೀಯ. ನಿನ್ನ ಪಾಪ ನೀನು ತೊಳ್ಕೊಂಡೆ, ನೀರು ನನ್ನ ಮೇಲೆ ಬಿತ್ತು.”

ಅದು ನಿಜವಾಗಿತ್ತು. “ಬೇಡ ಅಂತ ಬರೀಲಾ ಅಕ್ಕ?” ಎಂದಳು ಲೊಸಲೀನೆ.

“ಮತ್ತೆ ಬರೀತೀಯಾ? ನೀನು ಬರೆದಿದ್ದು ಸಾಕು.” ತೆಲೇಸಿಯಾ ಬೆಂಚಿನ ಮೇಲೆ ಕೂತು ಮೊಣಕಾಲು ನೀವಿಕೊಂಡಳು. ಕಾಗದವನ್ನು ಮಡಚಿ, “ಹೋಗು, ಆ ಮನುಷ್ಯನ ಕೊರಳಿಂದ ಬೀಗದ ಕೈ ಕಿತ್ಕೊಂಡು ಬಾ,” ಎಂದಳು.

ಲೊಸಲೀನೆ ಒಂದು ಟ್ಯಾಬ್ಲೆಟ್ಟು ತಂದು ಅವಳ ಮುಂದಿಟ್ಟಳು. ಗುಂಡಿ ಎಲ್ಲಿದೆಯೆಂದು ತೋರಿಸಿದಳು, ಬೆಳಕು ಬಂದ ಮೇಲೆ ಗಾಜನ್ನು ಬೆರಳಿಂದ ಮೇಲಕ್ಕೆ ಸರಿಸಬೇಕೆಂದು ಹೇಳಿದಳು. ತೆಲೇಸಿಯಾ ಸರಿಸಿದಳು. ಏನೂ ಆಗಲಿಲ್ಲ. ವರ್ಷಗಟ್ಟಲೆ ಕೇದಗೆ ಹೆಣೆದ ಆ ಬೆರಳ ತುದಿಗಳು ಜಡ್ಡುಗಟ್ಟಿ ಮರದಂತಾಗಿದ್ದವು. ಗಾಜಿಗೆ ಅವು ಬೆರಳೆಂದೇ ತಿಳಿಯುತ್ತಿರಲಿಲ್ಲ. ಅವಳು ಮತ್ತೆ ಸರಿಸಿದಳು. ಬೆಳಕು ಆರಿತು. ಗುಂಡಿ ಒತ್ತಿದಳು, ಸರಿಸಿದಳು, ಆರಿತು. ಹುಬ್ಬು ಗಂಟಿಕ್ಕಿ, ಗಾಜಿನ ಮೇಲೆ ಬಾಗಿ, ಬೆರಳನ್ನು ಒಮ್ಮೆ ಒತ್ತಿ ಒಮ್ಮೆ ಸೋಕಿಸಿ ನೋಡಿದಳು. ಲೊಸಲೀನೆ ತಡೆಯಲಾರದೆ ಕೈ ಚಾಚಿದಳು. ತೆಲೇಸಿಯಾ ಅದರ ಮೇಲೆ ಪಟ್ಟೆಂದು ಹೊಡೆದಳು.

“ತೆಗಿ ಕೈ.”

ಏಟು ಚುರುಗುಟ್ಟಿತು. ಲೊಸಲೀನೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಅವುಗಳ ಮೇಲೆ ಕೂತಳು. ಬೆರಳ ಗೆಣ್ಣು ಬೆಂಚಿನ ಹಲಗೆಗೆ ಒತ್ತುತ್ತಿತ್ತು. ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ಅದು ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಎಂಟು ಸಲ, ಒಂಬತ್ತು ಸಲ. ತೆಲೇಸಿಯಾ ಬೆರಳು ನೋಡಿಕೊಂಡಳು, ಉಜ್ಜಿಕೊಂಡಳು, ಕೈ ತಿರುಗಿಸಿ ಬೆರಳಿನ ಪಕ್ಕದ ಮೆತ್ತನೆಯ ಚರ್ಮವನ್ನು ಗಾಜಿಗೆ ತಾಗಿಸಿ ಎಳೆದಳು. ಗಾಜು ತೆರೆದುಕೊಂಡಿತು. ಅವಳು ತಲೆ ಎತ್ತಲಿಲ್ಲ.

“ಮುಂದೇನು ಅಂತ ನಾನು ಕೇಳ್ತೀನಿ,” ಎಂದಳು. “ಕೇಳಿದಾಗ ಹೇಳು. ಅಲ್ಲೀತನಕ ಸುಮ್ನೆ ಕೂತಿರು.”

ಲೊಸಲೀನೆ ಕೂತಿದ್ದಳು.